ಒಂದೇ ನಂಬರಿನ ಇಬ್ಬರು

ಇಂದಿರಾನಗರದ ಆ ರಕ್ತಪರೀಕ್ಷಾ ಕೇಂದ್ರಕ್ಕೆ ಬೆಳಿಗ್ಗೆ ಬರುವವರೆಲ್ಲ ಖಾಲಿ ಹೊಟ್ಟೆಯವರು. ಕಾಫಿಯೂ ಇಲ್ಲದೆ ಟೋಕನ್ ಹಿಡಿದು ಕೂತಿರುತ್ತಾರೆ. ಅಂಥದ್ದರಲ್ಲಿ ಒಂದು ಸೋಮವಾರ ಮೂವತ್ತೊಂದನೇ ನಂಬರ್ ಕೂಗಿದಾಗ ಇಬ್ಬರು ಎದ್ದರು.

"ಅದು ನಂದು," ಎಂದರು ಶಿವಾಜಿನಗರದಿಂದ ಬಂದಿದ್ದ ಬದ್ರುನ್ನೀಸಾ.

"ನಂದೂ ಅದೇ ಐತ್ರೀ ಅಮ್ಮಾ, ನೋಡ್ರಿ," ಎಂದು ಗಾರೆ ಕೆಲಸದ ಹಂಪಣ್ಣ ತನ್ನ ಚೀಟಿ ಚಾಚಿದ.

ಬದ್ರುನ್ನೀಸಾ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. "ಯಾ ಅಲ್ಲಾ, ಮಷೀನಿಗೂ ಶುಗರ್ ಬಂದಿದೆಯಾ?"

ಸುತ್ತಲಿದ್ದವರು ನಕ್ಕರು. ಮಹಡಿಯಿಂದ ಓಡಿಬಂದ ಕಂಪ್ಯೂಟರ್ ವಿಭಾಗದ ಸಾಮಿಯಾ ಮಾತ್ರ ನಗಲಿಲ್ಲ. ಟೋಕನ್ ಕೊಡುವ ಎರಡು ಸರ್ವರ್‌ಗಳನ್ನು ಜೋಡಿಸಿದವಳು ಅವಳೇ. ಒಂದು ದುಡಿಯುತ್ತದೆ, ಇನ್ನೊಂದು ಕಾಯುತ್ತದೆ. ದುಡಿಯುವುದು ಕ್ಷಣಕ್ಕೊಮ್ಮೆ 'ಇದ್ದೀನಿ' ಎಂದು ಸಂದೇಶ ಕಳಿಸಬೇಕು. ಎರಡು ಸೆಕೆಂಡ್ ಸದ್ದಿಲ್ಲದಿದ್ದರೆ ಅದು ಸತ್ತಿತೆಂದು ಇನ್ನೊಂದು ಕೆಲಸಕ್ಕೆ ಇಳಿಯುತ್ತದೆ. ಇವತ್ತು ನಡುವಿನ ಕೇಬಲ್ ಸಡಿಲವಾಗಿತ್ತು, ಅಷ್ಟೆ. ಸತ್ತಿತೆಂದುಕೊಂಡದ್ದು ಗಟ್ಟಿಮುಟ್ಟಾಗಿ ಬದುಕಿತ್ತು. ಎರಡೂ ಸೇರಿ ಒಂದೇ ನಂಬರನ್ನು ಎರಡೆರಡು ಸಲ ಹಂಚಿದ್ದವು.

"ತಪ್ಪು ನಂದೇ," ಎಂದಳು ಸಾಮಿಯಾ. ಎರಡನೇ ಸರ್ವರ್ ನಿಲ್ಲಿಸಿ, ಕಾಗದದ ಮೇಲೆ ನಂಬರ್ ಬರೆಯಲು ಕೂತಳು.

"ಮೊದ್ಲು ನೀನು ಹೋಗಪ್ಪಾ," ಎಂದರು ಬದ್ರುನ್ನೀಸಾ ಹಂಪಣ್ಣನಿಗೆ. "ನಿಂಗೆ ಕೆಲಸಕ್ಕೆ ಲೇಟಾಗತ್ತೆ. ನಾನು ಮನೆಗೆ ಹೋದ್ರೆ ಅಡುಗೆ ಮಾಡ್ಬೇಕು, ನಂಗೇನು ಅವಸರ?"

ಜನ ಕರಗಿದ ಮೇಲೆ ಸಾಮಿಯಾ ಬೈಗುಳಕ್ಕೆ ಸಿದ್ಧಳಾಗಿಯೇ ಮಹಡಿ ಹತ್ತಿದಳು. ಅವಳ ಹಿರಿಯ ಸಹೋದ್ಯೋಗಿ ಶಿವಪುತ್ರ ಸೆಟ್ಟಿಂಗ್ಸ್ ತೆರೆದು ಕೂತಿದ್ದ.

"ಎರಡೇ ಸೆಕೆಂಡಾ? ಮನೇಲಿ ಎರಡು ರಿಂಗಿಗೆ ಫೋನ್ ಎತ್ತಲಿಲ್ಲ ಅಂದ್ರೆ ತಿಥಿ ಮಾಡ್ತೀರೇನ್ರೀ?"

ಅವಳಿಗೆ ನಗು ತಡೆಯಲಾಗಲಿಲ್ಲ.

ಮಧ್ಯಾಹ್ನವಿಡೀ ಇಬ್ಬರೂ ಅದನ್ನು ಸರಿಪಡಿಸಲು ಕೂತರು. ಕಾಯುವ ಹೊತ್ತನ್ನು ಹತ್ತು ಸೆಕೆಂಡಿಗೆ ಏರಿಸಿದರು. ಬೇರೆ ದಾರಿಯಲ್ಲಿ ಇನ್ನೊಂದು ಕೇಬಲ್ ಎಳೆದರು. ಮೂಲೆಯಲ್ಲಿದ್ದ ಹಳೇ ಕಂಪ್ಯೂಟರನ್ನು ಮೂರನೆಯದಾಗಿ ಸೇರಿಸಿದರು. ಮೂರರಲ್ಲಿ ಎರಡು ಒಪ್ಪಿದರೆ ಮಾತ್ರ ಟೋಕನ್ ಕೊಡುವ ಯಜಮಾನಿಕೆ, ಒಂಟಿಯಾದದ್ದು ತಾನೇ ಸುಮ್ಮನಾಗಬೇಕು.

ಸಾಮಿಯಾ ಒಂದು ಕೇಬಲ್ ಕಿತ್ತಳು. ಏನೂ ಕೆಡಲಿಲ್ಲ, 'ಇದ್ದೀನಿ' ಎಂಬ ಸಂದೇಶ ಇನ್ನೊಂದು ಕೇಬಲ್ ಹಿಡಿದು ಹೋಯಿತು.

"ಈಗ ಮೊದಲನೇ ಸರ್ವರಿನ ಪ್ಲಗ್ ಕೀಳ್ರಿ," ಎಂದ ಶಿವಪುತ್ರ.

"ನಾನಾ ಸರ್?"

"ಮತ್ತಿನ್ಯಾರು?"

ಅವಳು ಕಣ್ಣು ಮುಚ್ಚಿ ಎಳೆದಳು. ಫ್ಯಾನಿನ ಸದ್ದು ನಿಂತಿತು. ಮೆಟ್ಟಿಲಿಳಿದು ಓಡಿ ಟೋಕನ್ ಗುಂಡಿ ಒತ್ತಿದಳು. ಯಂತ್ರ ಸುಮ್ಮನಿತ್ತು. ಮತ್ತೆ ಒತ್ತಿದಳು. ಸೆಕೆಂಡ್ ಎಣಿಸುತ್ತ ನಿಂತಳು: ಏಳು, ಎಂಟು, ಒಂಬತ್ತು... ಕರ್ರೆಂದು ಚೀಟಿಯೊಂದು ಹೊರಬಂತು.

"ಬಂತು ಸರ್!" ಎಂದು ಕೂಗಿದಳು.

"ಎಷ್ಟು ಚೀಟಿ?" ಎಂದು ಮಹಡಿಯಿಂದ ಕೇಳಿದ ಶಿವಪುತ್ರ.

"ಒಂದೇ!"