ಪುಟಕ್ಕೆ ಸೇರಿಸಿದ ಸಾಲು

ಊಟದ ಡಬ್ಬಿಯನ್ನು ತೊಳೆದು ಮನೆಗೆ ಒಯ್ಯಬೇಕೋ, ಎಂಜಲು ಹಾಗೇ ಬಿಟ್ಟು ಒಯ್ಯಬೇಕೋ? ಇಂಥ ಸಣ್ಣ ಚಿಂತೆಯನ್ನು ಪಂಚಶೀಲಾ ಯಾರ ಮುಂದೆ ಆಡಿಯಾಳು? ದಿನಚರಿಯಲ್ಲಿ ಬರೆದು ನೋಡಿದಳು. ಬರೆದ ಮೇಲೆ ನಾಚಿಕೆ ಇನ್ನಷ್ಟು ಹೆಚ್ಚಿತು. ಅಪ್ಪ ತನ್ನ ಜನ್ಮದಲ್ಲಿ ಡಬ್ಬಿ ತೊಳೆದವನಲ್ಲ. ನಂದೂರಿನ ಬೇಳೆ ಮಿಲ್ಲಿನಿಂದ ಅವನು ಕಮಲಾಪುರದ ಮನೆಗೆ ಬರುವಷ್ಟರಲ್ಲಿ ಪಲ್ಯದ ಎಣ್ಣೆ ಒಣಗಿ ಅಂಟಿರುತ್ತಿತ್ತು. ಅವ್ವ ದಿನಾ ಬೈಯುತ್ತಲೇ ಬೂದಿ ಹಚ್ಚಿ ತಿಕ್ಕುತ್ತಿದ್ದಳು. ಈಗ ಡಬ್ಬಿ ಸ್ವಚ್ಛವಾಗಿ ಬಂದರೆ ಅವ್ವನಿಗೆ ಸಂಶಯ. ಹೊಲಸಾಗಿ ಬರಬೇಕೆಂದರೆ ಯಾರಾದರೂ ಉಣ್ಣಬೇಕು. ಉಣ್ಣಬೇಕಾದವನು ತೀರಿಕೊಂಡು ವಾರದ ಮೇಲಾಗಿತ್ತು.

ಕೊರೊನಾದ ಎರಡನೆಯ ಅಲೆ. ಅಪ್ಪ ಹಣಮಂತರಾಯ ಕಲಬುರಗಿಯ ಆಸ್ಪತ್ರೆಯಲ್ಲಿ, ಅವ್ವ ಬಂಡೆಮ್ಮ ಕಮಲಾಪುರದ ಆಸ್ಪತ್ರೆಯಲ್ಲಿ, ಇಬ್ಬರೂ ಒಂದೇ ಹೊತ್ತಿಗೆ ಮಲಗಿದ್ದರು. ಅವ್ವ ಮನೆಗೆ ಬಂದಳು. ಅಪ್ಪನಿಗೆ ಮಣ್ಣು ಕೊಡುವಾಗ ಕಪಿಲ ಕಾಕಾ ಒಬ್ಬನೇ ದೂರ ನಿಂತು ಕೈಮುಗಿದು ಬಂದ. ಅಣ್ಣನ ಮೊಬೈಲು ಬಂದ್ ಮಾಡಿ ತನ್ನ ಪೆಟ್ಟಿಗೆಯಲ್ಲಿಟ್ಟ. ವಾರ್ಡಿನಲ್ಲಿ ಫೋನ್ ಬಿಡುವುದಿಲ್ಲ ಎಂದು ವೈನಿ ಬಂಡೆಮ್ಮನಿಗೆ ಹೇಳಿದ. ಅವಳ ಉಸಿರು ಗಟ್ಟಿಯಾಗುವ ತನಕ ಯಾರೂ ಬಾಯಿ ಬಿಡಬಾರದೆಂದು ಮನೆಮಂದಿಗೆಲ್ಲ ತಾಕೀತು ಮಾಡಿದ. ಪಂಚಶೀಲಾಳ ಮುಖ ನೋಡಿ, ಏನೋ ಹೇಳಲಿಕ್ಕಿದ್ದಾಳೆಂದು ತಿಳಿದು, ತನ್ನ ಮೊಬೈಲಿನಲ್ಲಿ ಒಂದು ಸಾಲು ತೆಗೆದು ಅವಳ ಮುಂದೆ ಹಿಡಿದ.

“ಇದು ನೀ ಬರದದ್ದ ಹೌದಿಲ್ಲ? ಡಾಕ್ಟರ್ ಮಂದಿ ಸುಳ್ಳ ಬರಸ್ತಾರೇನು?”

ಅವಳು ಬರೆದದ್ದೇ. ಕಲಬುರಗಿಯ ಖೂಬಾ ಪ್ಲಾಟಿನಲ್ಲಿ ವೈದ್ಯರ ಸಂಘವೊಂದರ ಕಚೇರಿಯಿತ್ತು. ಬಿ.ಎ. ಮುಗಿಸಿ ಕೂತಿದ್ದವಳಿಗೆ ಅಲ್ಲಿ ಕೆಲಸ ಸಿಕ್ಕಿತ್ತು. ಫೋನ್ ಎತ್ತಿ ಜನರಿಗೆ ಉತ್ತರ ಹೇಳುವುದು ತನ್ನಿಂದಾಗದು, ಬರೆಯುವುದಿದ್ದರೆ ಬರೆಯುತ್ತೇನೆ ಎಂದು ಮೊದಲ ದಿನವೇ ಬೇಡಿಕೊಂಡಿದ್ದಳು. ಹೀಗಾಗಿ ಸಂಘದ ವೆಬ್‌ಸೈಟಿನ ಕನ್ನಡ ಪುಟ ಅವಳ ಪಾಲಿಗೆ ಬಂತು. ಬೆರಳಿಗೆ ಆಕ್ಸಿಮೀಟರ್ ಹಾಕುವುದು ಹೇಗೆ, ಯಾವಾಗ ಆಸ್ಪತ್ರೆಗೆ ಓಡಬೇಕು, ಎಲ್ಲವನ್ನೂ ಕಾರ್ಯದರ್ಶಿ ಡಾಕ್ಟರ್ ಶೀಲಾ ಹೇಳುವರು, ಹಳ್ಳಿಯವರಿಗೆ ತಿಳಿಯುವ ಹಾಗೆ ಇವಳು ಬರೆಯುವಳು. ‘ಚೇತರಿಸಿಕೊಳ್ಳುತ್ತಿರುವವರ ಮನಸ್ಸಿಗೆ ಪೆಟ್ಟಾಗುವ ಸುದ್ದಿ ಹೇಳಬೇಡಿ’ ಎಂಬ ಸಾಲೂ ಅದರಲ್ಲಿತ್ತು. ತನ್ನದೇ ಸಾಲು ಎದುರಿಗಿರುವಾಗ ಅವಳು ಕಾಕಾನ ಮಾತಿಗೆ ಒಪ್ಪಿಕೊಂಡಳು.

ಆ ಪುಟವನ್ನು ಅವ್ವ ಬಿಡದೆ ಓದುತ್ತಿದ್ದಳು. ಮದುವೆಯಾದ ಮೇಲೆ ಗಂಡನೇ ಅಕ್ಷರ ಕಲಿಸಿದ್ದ. ಒಂದೊಂದು ಶಬ್ದದ ಕೆಳಗೂ ಬೆರಳಿಟ್ಟು, ದನಿ ಮಾಡಿ ಓದುವಳು. ಹೊಸ ಸಾಲು ಬಂದ ದಿನ ಓಣಿಯ ಹೆಂಗಸರಿಗೆಲ್ಲ ವರದಿ. ಡಾಕ್ಟರರು ಬಾಯಲ್ಲಿ ಹೇಳಿದ್ದಕ್ಕಿಂತ ಮಗಳು ಬರೆದದ್ದರ ಮೇಲೆ ಅವಳಿಗೆ ಹೆಚ್ಚು ಭರವಸೆ.

ಮನೆಗೆ ಬಂದ ಮರುದಿನವೇ ಅವಳು ಒಲೆಯ ಮುಂದೆ ಕೂತಳು. ಆಸ್ಪತ್ರೆಯ ಸಪ್ಪನೆ ಅನ್ನ ಗಂಡನ ಗಂಟಲಲ್ಲಿ ಇಳಿಯುವುದಿಲ್ಲವಂತೆ. ಒಂದು ರೊಟ್ಟಿ ಬಡಿದು, ಗೋಡೆಗೆ ಒರಗಿ ಉಸಿರು ಎಳೆದುಕೊಂಡು, ಮತ್ತೊಂದು ಬಡಿಯುವಳು. ಪುಂಡಿ ಪಲ್ಯ, ನಂಚಿಕೊಳ್ಳಲು ಶೇಂಗಾ ಹಿಂಡಿ. ಆಸ್ಪತ್ರೆಯ ಗೇಟಿನಲ್ಲಿ ಅದಲುಬದಲಾಗದಿರಲೆಂದು ಮುಚ್ಚಳದ ಮೇಲೆ ಬಿಳಿ ಪಟ್ಟಿ ಅಂಟಿಸಿ, ಡೊಂಕು ಅಕ್ಷರದಲ್ಲಿ ತಾನೇ ‘ಹಣಮಂತರಾಯ’ ಎಂದು ಬರೆದಿದ್ದಳು. ಬಸ್ಸುಗಳಿರಲಿಲ್ಲ. ಕೆಂಪು ಬಾಳೆಹಣ್ಣು ಹೇರಿಕೊಂಡು ಕಲಬುರಗಿಗೆ ಹೋಗುವ ದೌಲಪ್ಪನ ಟೆಂಪೊದಲ್ಲಿ, ಸಂಘದ ಪಾಸು ಕೊರಳಿಗೆ ಹಾಕಿಕೊಂಡು, ಪಂಚಶೀಲಾ ಆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವಳು.

ಕಚೇರಿಯಲ್ಲಿ ಅದನ್ನು ಇಕ್ಬಾಲ್ ಬೇಗಂ ಉಣ್ಣುತ್ತಿದ್ದಳು. ರೋಜಾ ಬಡಾವಣೆಯಿಂದ ನಡೆದುಬಂದು ಕಸ ಹೊಡೆಯುವ ಹೆಂಗಸು. ಮೊದಲ ದಿನ ಆಸ್ಪತ್ರೆಗೆ ಒಯ್ಯಬೇಕಾದ ಡಬ್ಬಿ ಮೇಜಿನ ಮೇಲೇ ಉಳಿದದ್ದು ಕಂಡು ಕೇಳಿದ್ದಳು; ಪಂಚಶೀಲಾಳ ಕಣ್ಣು ತುಂಬಿದ್ದು ನೋಡಿ ಮತ್ತೆ ಕೇಳಲಿಲ್ಲ. ಕಚೇರಿಯಲ್ಲಿ ಅಪ್ಪ ತೀರಿಕೊಂಡದ್ದು ಗೊತ್ತಿದ್ದವಳು ಅವಳೊಬ್ಬಳೇ. ಉಂಡು, ಡಬ್ಬಿ ತೊಳೆಯದೆ ಕೊಡುತ್ತಿದ್ದಳು. ನಿಮ್ಮಪ್ಪ ಇಷ್ಟು ಖಾರ ತಿಂದೂ ಮಿಲ್ಲಿನ ಮಾಲಕನ ಮುಂದೆ ಮೆತ್ತಗೆ ಮಾತಾಡುತ್ತಿದ್ದನೇ ಎಂದು ನಗಿಸಲು ನೋಡುವಳು. ಸಂಜೆ ಅವ್ವ ಖಾಲಿ ಡಬ್ಬಿ ಮೂಸಿ, ಇವತ್ತೂ ತೊಳೆದಿಲ್ಲ ನೋಡು, ದವಾಖಾನ್ಯಾಗೂ ಅದೇ ಚಾಳಿ, ಎಂದು ಸಂತೋಷದಿಂದ ಬೈಯುವಳು. ಆ ಬೈಗುಳ ಪಂಚಶೀಲಾಳಿಗೆ ಸಹಿಸಲಾಗುತ್ತಿರಲಿಲ್ಲ.

ಆ ದಿನ ಇಕ್ಬಾಲ್ ಬೇಗಂ ಮುಚ್ಚಳ ತೆಗೆದವಳು ಹಾಗೇ ಮುಚ್ಚಿದಳು. ರೊಟ್ಟಿಯ ಮೇಲೆ ಒಂದು ಮೋಸಂಬಿ ಇತ್ತು, ಸಿಪ್ಪೆ ಸುಲಿದು, ತೊಳೆ ಬಿಡಿಸಿ, ಬೀಜ ತೆಗೆದಿಟ್ಟದ್ದು.

“ಬೇಟಾ, ಆಕಿ ಕೈಯಾಗ ಇನ್ನಾ ಶಕ್ತಿ ಇಲ್ಲ. ಕೂತು ಬೀಜ ತೆಗದಾಳ. ನನ್ನ ಗಂಟಲ್ದಾಗ ಇದು ಇಳಿಯಂಗಿಲ್ಲ.”

ಡಬ್ಬಿ ಮೇಜಿನ ಮೇಲೆಯೇ ಉಳಿಯಿತು. ಸ್ವಲ್ಪ ಹೊತ್ತಿನ ಮೇಲೆ ಪಂಚಶೀಲಾ ಡಾಕ್ಟರ್ ಶೀಲಾ ಅವರ ಬಾಗಿಲಲ್ಲಿ ನಿಂತಳು. ತನ್ನ ಮನೆಯ ಮಾತೆಂದು ಹೇಳಲು ನಾಲಿಗೆ ಏಳಲಿಲ್ಲ. ಯಾರೋ ಕೇಳುತ್ತಿದ್ದಾರೆ ಎಂದಳು: ಮನೆಯಲ್ಲಿ ಒಬ್ಬರು ತೀರಿಕೊಂಡದ್ದನ್ನು ಚೇತರಿಸಿಕೊಳ್ಳುವವರಿಂದ ಎಷ್ಟು ದಿನ ಮುಚ್ಚಿಡಬೇಕು? ಫೋನಿನಲ್ಲೂ ಜನ ಇದನ್ನೇ ಕೇಳುತ್ತಿದ್ದಾರೆಂದು ಡಾಕ್ಟರು ಹೇಳಿದರು. ಆ ಹಳೆಯ ಸಾಲನ್ನು ತಾವು ಗಡಿಬಿಡಿಯಲ್ಲಿ ಬರೆಸಿದ್ದು, ಸಾವನ್ನು ಮುಚ್ಚಿಡಿ ಎಂದು ಜನ ತಿಳಿದಾರೆಂದು ಎಣಿಸಿರಲಿಲ್ಲ ಎಂದರು. ಅದನ್ನು ತೆಗೆದು ಬೇರೆ ಸಾಲು ಹಾಕಲು ಹೇಳಿ, ಅಲ್ಲೇ ಬರೆಸಿದರು.

ಪಂಚಶೀಲಾ ಅದನ್ನು ಪುಟಕ್ಕೆ ಹಾಕಿದಳು. ಹಾಕುವಾಗ ಅವಳ ಮನಸ್ಸಿನಲ್ಲಿ ಒಂದು ಕಳ್ಳ ಆಸೆಯಿತ್ತು. ಅವ್ವ ಹೇಗೂ ಓದುತ್ತಾಳೆ. ಓದಿ ಅವಳೇ ತಿಳಿದುಕೊಂಡರೆ, ತಾನು ಬಾಯಿ ತೆರೆಯುವ ಪ್ರಸಂಗವೇ ಬರಲಿಕ್ಕಿಲ್ಲ.

ಮರಳುವಾಗ ದೌಲಪ್ಪ ಬಾಳೆಯ ದರ ಬಿದ್ದದ್ದನ್ನು ದಾರಿಯುದ್ದಕ್ಕೂ ಹೇಳಿದ. ತುಂಬಿದ ಡಬ್ಬಿ ತೊಡೆಯ ಮೇಲೆ ಭಾರವಾಗಿತ್ತು. ರಸ್ತೆ ಬದಿಗೆ ಚೆಲ್ಲಿಬಿಡಬಹುದಿತ್ತು. ಮೋಸಂಬಿಯ ನೆನಪಾಗಿ ಕೈ ಬರಲಿಲ್ಲ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ಅವ್ವ ಹೊಸ್ತಿಲಲ್ಲಿ ಕೂತಿದ್ದಳು, ಮಡಿಲಲ್ಲಿ ಮೊಬೈಲು. ಡಬ್ಬಿಗೆ ಕೈಚಾಚಿದಳು. ಭಾರ ತಿಳಿಯಿತು. ಮುಚ್ಚಳ ತೆರೆಯಲಿಲ್ಲ. ಹೆಸರು ಬರೆದ ಪಟ್ಟಿಯ ಒಂದು ಮೂಲೆ ಎದ್ದಿತ್ತು, ಅದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ ಪಕ್ಕದಲ್ಲಿಟ್ಟಳು. ಆಮೇಲೆ ಮೊಬೈಲು ಎತ್ತಿ, ಬೆರಳಿಟ್ಟು, ನಡುವೆ ಉಸಿರು ತೆಗೆದುಕೊಳ್ಳುತ್ತ ಓದಿದಳು.

“‘ಸಾವಿನ ಸುದ್ದಿ... ಮುಚ್ಚಿಡಬೇಡಿ. ಹತ್ತಿರದವರು ಪಕ್ಕದಲ್ಲಿ ಕೂತು... ಸುತ್ತಿ ಬಳಸದೆ ಹೇಳಿ.’”

ಓದಿ ಮುಗಿದ ಮೇಲೂ ಬೆರಳು ಅಲ್ಲೇ ಇತ್ತು.

“ಪಂಚೀ, ಇದು ಯಾರ ಸಲುವಾಗಿ ಬರದೀಯವ್ವಾ?”

ಪುಟ ಹೇಳಬಹುದಾದದ್ದು ಅಷ್ಟೇ ಆಗಿತ್ತು. ಒಳಗಿನಿಂದ ಕಪಿಲ ಕಾಕಾ ಎದ್ದು ಬಾಗಿಲಿಗೆ ಬಂದ, ಬೇಡವೆಂದು ತಲೆಯಾಡಿಸಿದ. ಪಂಚಶೀಲಾ ಚಪ್ಪಲಿ ಬಿಟ್ಟು ಹೊಸ್ತಿಲಲ್ಲಿ ಅವ್ವನ ಪಕ್ಕಕ್ಕೆ ಕೂತಳು. ಮಾಸ್ಕು ಕೆಳಗೆ ಎಳೆದಳು. ಅವ್ವನ ಕೈ ಹಿಡಿದುಕೊಂಡಳು. ಅದರಲ್ಲಿ ಇನ್ನೂ ಜೋಳದ ಹಿಟ್ಟಿನ ವಾಸನೆಯಿತ್ತು.

“ಅಪ್ಪ ಸತ್ತಾನ, ಯವ್ವಾ.”