ಆಫೀಸಿನಿಂದ ನಿಂತ ಹಾಡು

ಹಾಡು ಚರಣದ ನಡುವೆ ಗಕ್ಕನೆ ನಿಂತಿತು. ಹೊಲಿಗೆ ಮಷಿನ್ ತುಳಿಯುತ್ತಿದ್ದ ಅವಳ ಕಾಲು ತಪ್ಪಿ, ತೋಳಿನ ಹೊಲಿಗೆ ಸೊಟ್ಟಗಾಯಿತು.

"ಯಾಕಮ್ಮಾ ನಿಲ್ಲಿಸಿದೆ? ಚೆನ್ನಾಗಿ ಬರ್ತಿತ್ತಲ್ಲ," ಎಂದರು ಪಕ್ಕದಲ್ಲಿ ಗುಂಡಿ ಹಾಕುತ್ತಿದ್ದ ಅತ್ತೆ.

"ನಾನೆಲ್ಲಿ ನಿಲ್ಲಿಸಿದೆ ಅತ್ತೆ? ನಿಮ್ಮ ಮಗ ನಿಲ್ಲಿಸಿದ್ದು. ಆಫೀಸಲ್ಲಿ ಕೂತ್ಕೊಂಡು!"

ಈ ಮಗರಾಯ ಒಂದು ಗೋದಾಮಿನ ಮೇಲ್ವಿಚಾರಕ. ಅಲ್ಲಿ ಪೆಟ್ಟಿಗೆಗಳಿಗೆ ನಂಬರು ಅಂಟಿಸಿ ಅಂಟಿಸಿ ಮನೆಗೂ ಅದೇ ಚಾಳಿ ತಂದಿದ್ದ. ಮುನ್ನೂರು ಸಿ.ಡಿ. ನುಂಗುವ ಯಂತ್ರವೊಂದನ್ನು ಹಜಾರದಲ್ಲಿ ಕೂರಿಸಿ, ಕಂಪ್ಯೂಟರಿಗೆ ತಂತಿ ಎಳೆದು, ಮನೆಯಲ್ಲಿದ್ದ ಸಿ.ಡಿ.ಗಳನ್ನೆಲ್ಲ ಅದರ ಹೊಟ್ಟೆಗೆ ತುಂಬಿದ. ಮೌಸ್ ಒತ್ತಿದರೆ ಸಾಕು, ಒಳಗೆ ಗಿರ್ರನೆ ತಿರುಗಿ ಬೇಕಾದ ಹಾಡು ಬರುತ್ತದೆ. ಅನುಕೂಲವಾಯಿತು ಅಂದುಕೊಂಡಳು ಪಾಪ. ಆಮೇಲೆ ತಿಳಿಯಿತು, ಇಂಟರ್ನೆಟ್ ಇದ್ದರೆ ಆ ಮೌಸನ್ನು ಆಫೀಸಿನಿಂದಲೂ ಒತ್ತಬಹುದು ಅಂತ. ಒತ್ತುವ ಚಪಲವೂ ಅವನಿಗೆ ವಿಪರೀತ. ಒಂದೇ ಹಾಡು ಎರಡನೇ ಸಲ ಬಂದರೆ ನಿಲ್ಲಿಸುವನು. ತನಗೆ ಹಿಡಿಸದಿದ್ದರೆ ಮೊದಲ ಸಲವೇ ನಿಲ್ಲಿಸುವನು.

ಅದರಲ್ಲಿ ಹನ್ನೆರಡು ಸಿ.ಡಿ. ಅವಳವು. ಮದುವೆಗೆ ಮುಂಚೆ ಯಾರದೋ ಅಂಗಡಿಯಲ್ಲಿ ಕಾಜಾ ಹೊಲಿದು, ಒಂದೊಂದಾಗಿ ಕೊಂಡುಕೊಂಡಿದ್ದು. ಅವುಗಳ ಡಬ್ಬಿಗಳನ್ನು "ಇನ್ಯಾಕೆ ಇವು" ಅಂತ ಕಸಕ್ಕೆ ಹಾಕಿದ್ದ, ಅವಳನ್ನು ಒಂದು ಮಾತೂ ಕೇಳದೆ.

ಫೋನು ಬಂತು. "ಬೆಳಗಿಂದ ಅದನ್ನೇ ಹಾಕ್ತಿದೀಯಲ್ಲೇ, ಇಲ್ಲಿ ನಂಗೆಲ್ಲ ಕಾಣಿಸುತ್ತೆ. ಬೇರೆ ಏನಾದ್ರೂ ಕೇಳು. ನಾನೇ ಆರಿಸಿ ಹಾಕ್ಲಾ?"

"ನನ್ನ ಸಿ.ಡಿ., ನನ್ನ ಕಿವಿ ಕಣ್ರೀ! ನಿಮ್ಮ ಅಪ್ಪಣೆ ಯಾಕೆ ಬೇಕು?"

"ಸುಮ್ನೆ ರೇಗಬೇಡ. ಒಂದು ವ್ಯವಸ್ಥೆ ಅಂತ ಮಾಡಿದ ಮೇಲೆ..."

ಫೋನು ಕುಕ್ಕಿದಳು. ವ್ಯವಸ್ಥೆಯಂತೆ ವ್ಯವಸ್ಥೆ! ತಾನೇನು ಗೋದಾಮಿನ ಸರಕೇ?

"ನಿಮ್ಮ ಮಾವನೂ ಹೀಗೇ ಕಣಮ್ಮ. ಅವರು ಮನೇಲಿದ್ರೆ ನಾನು ರೇಡಿಯೊ ಕಿವಿ ಹಿಂಡೋ ಹಾಗಿರಲಿಲ್ಲ," ಎಂದ ಅತ್ತೆ ಡ್ರಾಯರಿನಿಂದ ಹೊಲಿಗೆ ಮಷಿನ್ನಿನ ಪುಟ್ಟ ಸ್ಕ್ರೂಡ್ರೈವರ್ ತೆಗೆದು ಸೊಸೆಯ ಕೈಗಿಟ್ಟರು. "ತಗೋ. ನಾನು ಟಾರ್ಚ್ ಹಿಡೀತೀನಿ."

ಹಜಾರದ ಯಂತ್ರಕ್ಕೆ ಅವನು ಬಿಗಿ ಮಾಡಿದ್ದ ಮುಚ್ಚಳ ನಾಲ್ಕು ತಿರುಪಿಗೆ ಬಿಟ್ಟುಕೊಂಡಿತು. ಅವಳು ತನ್ನ ಹನ್ನೆರಡನ್ನೇ ಹುಡುಕಿ ತೆಗೆದಳು, ಅವನದೊಂದನ್ನೂ ಮುಟ್ಟಲಿಲ್ಲ. ಅಟ್ಟದಿಂದ ತನ್ನ ಹಳೇ ಪ್ಲೇಯರ್ ಇಳಿಸಿ, ಧೂಳು ಒರೆಸಿ, ಹೊಲಿಗೆ ಕೋಣೆಯಲ್ಲಿಟ್ಟು ಜೋರಾಗಿ ಹಾಕಿದಳು. ಸೊಟ್ಟ ಹೊಲಿಗೆ ಬಿಚ್ಚಲು ಕೂತಳು.

ಸ್ವಲ್ಪ ಹೊತ್ತಿಗೆ ಮತ್ತೆ ಫೋನು.

"ಏನೇ ಇದು, ಹನ್ನೆರಡು ಖಾನೆ ಖಾಲಿ ಅಂತ ತೋರಿಸ್ತಿದೆ? ಯಂತ್ರ ಕೆಟ್ಟಿದೆಯಾ?"

"ಇಲ್ಲ. ಚೆನ್ನಾಗಿದೆ."

"ಮತ್ತೆ ಆ ಹಾಡು ಎಲ್ಲಿಂದ ಬರ್ತಿದೆ? ಹಲೋ? ಏನೂ ಕೇಳಿಸ್ತಿಲ್ಲ, ಸ್ವಲ್ಪ ಸೌಂಡ್ ಕಡಿಮೆ ಮಾಡು!"

"ಅಲ್ಲಿಂದ್ಲೇ ಮಾಡ್ಕೊಳ್ಳಿ," ಎಂದಳು ಅವಳು.