ಅಕ್ಕನ ತಪ್ಪು ಸ್ವರ

ತಮ್ಮ ಮೌಸ್ ಒತ್ತಿ ಹಿಡಿದು ಮೂರನೆಯ ಸಾಲಿನ ಸ್ವರವನ್ನು ಕೆಳಕ್ಕೆ ಎಳೆದ. ಲ್ಯಾಪ್‌ಟಾಪಿನ ಪರದೆಯ ಮೇಲೆ ಅಕ್ಕನ ದನಿ ಬಣ್ಣದ ಉಂಡೆಗಳಾಗಿ ಸಾಲಾಗಿ ಕೂತಿತ್ತು. ಒಂದು ಉಂಡೆಗೆ ಒಂದು ಸ್ವರ. ಮೇಲಕ್ಕೆ ತಳ್ಳಿದರೆ ಏರುತ್ತದೆ, ಎಳೆದರೆ ಇಳಿಯುತ್ತದೆ.

"ಈಗ ಕೇಳಿ, ಭಾವ."

ಅಡುಗೆಮನೆಯ ಸ್ಟೂಲಿನ ಮೇಲಿದ್ದ ಭಾವ ಕೇಳಿ ತಲೆಯಾಡಿಸಿದ. "ಅವಳಲ್ಲ."

ನಡುಮನೆಯಲ್ಲಿ ಅಕ್ಕನನ್ನು ಮಲಗಿಸಿದ್ದರು. ಸ್ಮಶಾನಕ್ಕೆ ಒಯ್ಯುವ ವ್ಯಾನು ಬಂದು ಅರ್ಧ ಗಂಟೆಯಾಗಿತ್ತು. ಜನ ಕೂರಲಾರದೆ ನಿಲ್ಲಲಾರದೆ ಒಳಗೂ ಹೊರಗೂ ಓಡಾಡುತ್ತಿದ್ದರು.

ಒಂದು ಸಲ ಅವಳ ಹಾಡು ಕೇಳಿ ಕಳಿಸಿಕೊಡೋಣ ಎಂದವನು ಭಾವನೇ. ಫೋನು ಎತ್ತಿ ಹಿಡಿದರೆ ಬಾಯಿಗೆ ಸೆರಗು ಅಡ್ಡ ಇಡುತ್ತಿದ್ದ ಹೆಂಗಸು; ದನಿ ಎಂದು ಉಳಿದದ್ದು ಆ ಹಾಡೊಂದೇ. ತಮ್ಮ ಅದನ್ನು ಹಾಕಿದರೆ ಭಾವ ಮೊದಲ ಸಾಲಿಗೇ, "ನಿಲ್ಸೋ. ಯಾರದ್ದೋ ಹಾಕಿದೀಯ" ಎಂದಿದ್ದ.

"ಅಕ್ಕನದೇ ಭಾವ. ಶ್ರುತಿ ಮಾತ್ರ ಸರಿ ಮಾಡಿದ್ದೆ."

"ಹಂಗಾದ್ರೆ ಸರಿ ಮಾಡದೇ ಇರೋದು ಹಾಕು."

"ಅದನ್ನ ಅಳಿಸ್ಬಿಟ್ಟಿದೀನಿ. ತಾಳಿ, ಇದನ್ನೇ ಮೊದಲಿನ ಹಂಗೆ ಮಾಡ್ತೀನಿ."

*

ನಾಲ್ಕು ವರ್ಷದ ಹಿಂದೆ ತಮ್ಮನ ಸ್ಟುಡಿಯೋದಲ್ಲಿ ಅಕ್ಕ ಹಾಡಿದ್ದಳು. ಮೂವತ್ತು ವರ್ಷ ಶಾಲೆ ಮಕ್ಕಳ ಯೂನಿಫಾರ್ಮ್ ಹೊಲಿದವಳು, ಮೈಕಿನ ಮುಂದೆ ಕೈ ಎಲ್ಲಿಡಬೇಕೆಂದು ತಿಳಿಯದೆ ಸೊಂಟಕ್ಕೆ ಇಟ್ಟುಕೊಂಡಳು. ತಾನೇ ಕಟ್ಟಿದ ಜೋಗುಳ. ಇದೇ ತಮ್ಮನನ್ನು ಮಲಗಿಸಿದ್ದು. ಪ್ರತಿ ಸಾಲಿಗೂ ಶ್ರುತಿ ಜಾರುತ್ತಿತ್ತು. ಊರವರ ಅಪಸ್ವರ ಮುಚ್ಚಿಯೇ ಹೊಟ್ಟೆ ಹೊರೆಯುವ ತಮ್ಮ ಅಕ್ಕನದನ್ನು ಬಿಟ್ಟಾನೆಯೇ? ಒಂದೊಂದನ್ನೂ ಗೆರೆಯ ಮೇಲೆ ಕೂರಿಸಿ, ಹಳೆಯದನ್ನು ಅಳಿಸಿ, ಅವಳ ಹುಟ್ಟುಹಬ್ಬಕ್ಕೆ ಕೊಟ್ಟ.

ಅಕ್ಕ ಪೂರ್ತಿ ಕೇಳಿದಳು. "ಚೆನ್ನಾಗ್ ಹಾಡ್ತಾಳೆ ಕಣೋ ಹುಡುಗಿ. ಮದುವೆ ಆಗಿದ್ಯಾ? ಇಲ್ಲಾಂದ್ರೆ ನಿನಗೇ ನೋಡೋಣ."

ತಮ್ಮ ಹೊಟ್ಟೆ ಹಿಡಿದು ನಕ್ಕಿದ್ದ. ಅಕ್ಕ ಮತ್ತೆಂದೂ ಅದನ್ನು ಹಾಕಿಸಿಕೊಳ್ಳಲಿಲ್ಲ.

*

"ಎರಡನೇ ಸಾಲಲ್ಲಿ ಮೇಲಕ್ಕೆ ಹೋಗ್ತಿದ್ಳು," ಎಂದಳು ಚಿಕ್ಕಮ್ಮ.

"ಎಲ್ಲಿ ಮೇಲೆ? ಇಪ್ಪತ್ತು ವರ್ಷ ಪಕ್ಕದಲ್ಲೇ ಕೂತು ಕಾಜಾ ಹೊಲ್ದಿದೀನಿ, ನನಗೆ ಹೇಳ್ತೀರಾ?" ಎಂದಳು ಅಕ್ಕನ ಹೊಲಿಗೆಯಂಗಡಿಯಲ್ಲಿ ಗುಂಡಿತೂತು ಹೊಲಿಯುವ ಕಾಜಾದವಳು.

"ನಾನು ಅವಳನ್ನ ಎತ್ತಿ ಆಡ್ಸಿದೀನಿ ಕಣೇ!"

ತಮ್ಮ ಮೇಲಕ್ಕೂ ಎಳೆದ, ಕೆಳಕ್ಕೂ ಎಳೆದ. ಸಾವಿರ ಜನರ ತಪ್ಪು ತೆಗೆದ ಕೈಗೆ ಒಂದು ತಪ್ಪನ್ನು ವಾಪಸು ಇಡಲು ಬರುತ್ತಿರಲಿಲ್ಲ.

ಡ್ರೈವರ್ ಇಣುಕಿದ. "ಸಾರ್, ಅಲ್ಲಿ ನಾಲ್ಕಕ್ಕೆ ಟೈಮ್ ಕೊಟ್ಟಿದಾರೆ. ಇನ್ನು ಎತ್ಲೇಬೇಕು."

ಭಾವ ಎದ್ದು ಬಂದು ತಮ್ಮನ ಹೆಗಲ ಮೇಲಿಂದ ಪರದೆ ನೋಡಿದ. "ಸಾಲು ಮುಗಿಯೋ ಹೊತ್ತಿಗೆ ಬಗ್ತಿದ್ಳು ಕಣೋ. ದಾರ ಹಲ್ಲಲ್ಲಿ ಕಡಿಯೋಕೆ. ದಾರ ಇಲ್ದಿದ್ರೂ ಬಗ್ತಿದ್ಳು. ಸಾಲಿನ ಕೊನೇದು ಯಾವುದು, ತೋರ್ಸು."

ತಮ್ಮ ತೋರಿಸಿದ. ಭಾವ ಮೌಸ್ ಹಿಡಿದು ಆ ಉಂಡೆಯ ಬಾಲವನ್ನು ಓರೆಯಾಗಿ ಎಳೆದ, ಇನ್ನೂ ಎಳೆದ. ಯಾವ ಹಾಡುಗಾರನೂ ಒಪ್ಪದಷ್ಟು ಇಳಿಯಿತು. ತಡೆಯಲು ಮುಂದಾದ ಕೈಯನ್ನು ತಮ್ಮ ತನ್ನ ತೊಡೆಯ ಕೆಳಗೆ ಒತ್ತಿಟ್ಟುಕೊಂಡ. ನಾಲ್ಕೂ ಸಾಲಿಗೆ ಹಾಗೇ ಮಾಡಿ ಭಾವ, "ಹಾಕು" ಎಂದ.

ಮೊದಲ ಸಾಲು ನೆಟ್ಟಗೆ ಹೋಗಿ, ಕೊನೆಯಲ್ಲಿ ಕುತ್ತಿಗೆ ಬಗ್ಗಿಸಿತು.

ಚಿಕ್ಕಮ್ಮನೊಡನೆ ಇನ್ನೂ ವಾದಿಸುತ್ತಿದ್ದ ಕಾಜಾದವಳು ಮಾತು ಅರ್ಧಕ್ಕೇ ಬಿಟ್ಟು, "ಆಂ, ಬಂದೆ ಅಕ್ಕಾ," ಎನ್ನುತ್ತ ನಡುಮನೆಯ ಕಡೆಗೆ ಎರಡು ಹೆಜ್ಜೆ ಇಟ್ಟೇಬಿಟ್ಟಳು.